ನೀರುನಾಯಿಗಳು ಆರಿಸಿದ ದಡ

ನದಿ ಕಡಲನ್ನು ಸೇರುವಲ್ಲಿ ಅಕ್ಕ, ತಮ್ಮ ಎಂಬ ಎರಡು ನೀರುನಾಯಿಗಳಿದ್ದವು. ತಮ್ಮನಿಗೆ ಅಲೆಯ ಮೇಲೆ ಜಾರುವುದನ್ನು ಕಲಿಯುವ ಆಸೆ. ಹತ್ತಿರದ ಮರಳಿನ ದಡವೋ, ಗುಡ್ಡದಾಚೆಯ ದಡವೋ, ಯಾವುದು ಒಳ್ಳೆಯದೆಂದು ಅವನು ಮೇಲೆ ಸುತ್ತುತ್ತಿದ್ದ ಗರುಡನನ್ನು ಕೇಳಿದ.

“ಗುಡ್ಡದಾಚೆಯ ದಡಕ್ಕೆ ಹೋಗು,” ಎಂದ ಗರುಡ. “ಅಷ್ಟೆತ್ತರದ ಅಲೆ ಬೇರೆಲ್ಲೂ ಏಳುವುದಿಲ್ಲ.”

“ಅಲೆಯ ಅಡಿಯಲ್ಲಿ ಏನಿದೆ ಗರುಡಣ್ಣಾ?” ಎಂದು ಅಕ್ಕ ಕೇಳಿದಳು.

“ಅದು ನನಗೆ ಗೊತ್ತಿಲ್ಲ. ನಾನು ಮೇಲಿನಿಂದ ನೋಡುವವನು.”

ತಮ್ಮ ಆಗಲೇ ಹೊರಟಿದ್ದ. ಬೇಡವೆಂದರೆ ಅವನು ಕೇಳುವವನಲ್ಲ. ಅಕ್ಕ ಹಿಂದೆಯೇ ಈಜಿ ಗುಡ್ಡದಾಚೆಯ ದಡ ಸೇರಿ, “ನಾನು ದೊಡ್ಡವಳು, ಮೊದಲ ಸರದಿ ನನ್ನದು,” ಎಂದು ಅವನಿಗಿಂತ ಮುಂಚೆ ನೀರಿಗೆ ನುಗ್ಗಿದಳು. ಅಲೆ ಅವಳನ್ನು ಎತ್ತರಕ್ಕೆ ಎತ್ತಿತು, ಮರುಕ್ಷಣವೇ ಚಿಪ್ಪು ಮೆತ್ತಿದ ಬಂಡೆಯ ಮೇಲೆ ಎಸೆಯಿತು. ಅವಳು ಕುಂಟುತ್ತಾ ಈಚೆ ಬಂದಳು. ಹೊಟ್ಟೆ ತರಚಿ ರಕ್ತ ಬರುತ್ತಿತ್ತು.

“ಹೇಗಿತ್ತಕ್ಕಾ?” ತಮ್ಮ ಓಡಿ ಬಂದು ಕೇಳಿದ.

“ಏರುವಾಗ ಬಹಳ ಚೆನ್ನಾಗಿತ್ತು. ನೀನು ಹೋಗುತ್ತೀಯಾ?”

ತಮ್ಮ ಅಲೆಯನ್ನು ನೋಡಿದ, ಅಕ್ಕನ ಗಾಯವನ್ನೂ ನೋಡಿದ. “ಬೇಡ, ಮರಳಿನ ದಡಕ್ಕೇ ಹೋಗೋಣ,” ಎಂದ.

ಮರಳಿನ ದಡದಲ್ಲಿ ಅಲೆಗಳು ಸಣ್ಣವು. “ಇದೂ ಒಂದು ಅಲೆಯೇ?” ಎಂದು ಗರುಡ ಮೇಲಿನಿಂದ ನಕ್ಕ. ತಮ್ಮ ಕತ್ತೆತ್ತಿ ನೋಡಲಿಲ್ಲ. ಮೊದಲ ಅಲೆಯೇ ಅವನನ್ನು ಉರುಳಿಸಿ ದಡಕ್ಕೆ ತಳ್ಳಿತು. ಅವನು ಬಾಯಿತುಂಬ ಮರಳು ತುಂಬಿಕೊಂಡು ಎದ್ದು, ಅದನ್ನು ಉಗಿದು ಕೂಗಿದ:

“ಅಕ್ಕಾ, ಇನ್ನೊಂದು ಸಲ!”

ಉಪ್ಪುನೀರು ತಾಗಿದಾಗಲೆಲ್ಲ ಅಕ್ಕನ ಗಾಯ ಉರಿಯುತ್ತಿತ್ತು. ಆದರೂ ಅವಳು ನಗುತ್ತಾ ಅವನ ಪಕ್ಕದಲ್ಲೇ ನೀರಿಗಿಳಿದಳು.