ಕರಿ ತಾಯಿಯ ಬಿಳಿ ಮಕ್ಕಳು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಗಾಳಿ, ನದಿ, ಹುಳು, ಮನುಷ್ಯರು ಎಲ್ಲರೂ ಕೂಡಿ ಮಾತಾಡುತ್ತಿದ್ದರು. ಆಗ ಇಡೀ ಲೋಕಕ್ಕೆ ಇದ್ದದ್ದು ಒಂದೇ ಸೀಬೆಮರ, ಪುಟ್ಟಾಜಮ್ಮ ಅನ್ನುವವಳ ಹಿತ್ತಲಲ್ಲಿ. ಅದು ಒಣಗಿದರೆ ಸೀಬೆಹಣ್ಣು ಅನ್ನುವುದೇ ಇನ್ನಿಲ್ಲ.

ಆ ಮರಕ್ಕೇ ಹಿಟ್ಟುತಿಗಣೆ ಹತ್ತಬೇಕೆ! ಮೈಗೆಲ್ಲ ಅಕ್ಕಿಹಿಟ್ಟು ಮೆತ್ತಿಕೊಂಡಂಥ ಬಿಳಿ ಹುಳುಗಳು. ಕೂತಲ್ಲೇ ಕೂತು ರಸ ಹೀರುತ್ತಿದ್ದವು. ಪುಟ್ಟಾಜಮ್ಮ ಒರೆಸಿದಳು, ಮತ್ತೆ ಬಂದವು. ಬೈದಳು, ಮತ್ತೆ ಬಂದವು. ಗಾಳಿಯನ್ನು ಕರೆದಳು. ಗಾಳಿ ಎಲೆಯನ್ನೆಲ್ಲ ಉದುರಿಸಿತು, ಹುಳು ಮಾತ್ರ ಅಲುಗಲಿಲ್ಲ. ನದಿಯನ್ನು ಕರೆದಳು. ನದಿ ಅಡುಗೆಮನೆಗೂ ನುಗ್ಗಿತು, ಹುಳುಗಳಿಗೆ ಮಾತ್ರ ಒಂದು ಹನಿಯೂ ಅಂಟಲಿಲ್ಲ. ಸಹಾಯಕ್ಕೆ ಬಂದವರ ಕಾಟವೇ ಹೆಚ್ಚಾಯಿತು ಎಂದು ಪುಟ್ಟಾಜಮ್ಮ ಒದ್ದೆ ಒಲೆಯ ಮುಂದೆ ಕೂತು ಗೊಣಗಿದಳು.

ಆಗ ಕೆಂಪು ತಲೆಯ ಕರಿ ಹುಳುವೊಂದು ಹಾರಿಬಂತು. ತನ್ನ ಮಕ್ಕಳಿಗೆ ಹಿಟ್ಟುತಿಗಣೆಯೇ ಊಟ, ಮರದಲ್ಲಿ ಬಿಡಲೇ ಎಂದು ಕೇಳಿತು. ಬಿಡು ತಾಯಿ, ನೀನೊಬ್ಬಳು ಬಾಕಿ ಇದ್ದೆ ಎಂದಳು ಪುಟ್ಟಾಜಮ್ಮ.

ಆದರೆ ಮರದ ತುಂಬ ಇರುವೆಗಳ ಕಾವಲು. ಹಿಟ್ಟುತಿಗಣೆ ಸುರಿಸುವ ಸಿಹಿನೀರಿನ ಆಸೆಗೆ ಅವು ಬೇರೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಕರಿ ಹುಳು ಯೋಚಿಸಿತು. ಮಕ್ಕಳಿಗೆಲ್ಲ ಹಿಟ್ಟುತಿಗಣೆಯಂಥದೇ ಬಿಳಿ ಅಂಗಿ ತೊಡಿಸಿತು, ಯಾರಿಗೂ ಹೇಳಲಿಲ್ಲ. ಇರುವೆಗಳು ಮೂಸಿ ನೋಡಿ, ನಮ್ಮವೇ ಎಂದು ದಾರಿ ಬಿಟ್ಟವು.

ಮಾರನೆಯ ದಿನ ಪುಟ್ಟಾಜಮ್ಮ ನೋಡುತ್ತಾಳೆ, ಬಿಳಿ ಹುಳು ಇನ್ನಷ್ಟು ಹೆಚ್ಚಿವೆ, ಅದೂ ದಪ್ಪದಪ್ಪ. ಅವಳಿಗೆ ರೇಗಿಹೋಯಿತು. ಕೈಗೆ ಸಿಕ್ಕಿದ ದಪ್ಪ ಹುಳುಗಳನ್ನೆಲ್ಲ ಹೆಬ್ಬೆರಳಿಂದ ಹೊಸಕಿದಳು. ಕರಿ ಹುಳು ಹಾರಿ ಬರುವ ಹೊತ್ತಿಗೆ ಉಳಿದದ್ದು ಮೂರೇ.

"ಅಮ್ಮಾ, ನೀವು ಹೊಸಕಿದ್ದು ನನ್ನ ಮಕ್ಕಳನ್ನ."

ಪುಟ್ಟಾಜಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ದುಃಖವೂ ಬಂತು, ಸಿಟ್ಟೂ ಬಂತು. "ಒಂದ್ ಮಾತು ಹೇಳ್ಬಾರ್ದಾಗಿತ್ತಾ ನಂಗೆ?"

"ನಿಮಗೆ ಹೇಳಿದ್ರೆ ಇರುವೆಗೂ ಕೇಳ್ತಿತ್ತು. ನೀವು ಯಾವತ್ತು ಮೆತ್ತಗೆ ಮಾತಾಡಿದ್ದೀರಿ?" ಕರಿ ಹುಳು ಅಳುತ್ತಲೇ ಹೇಳಿತು.

ಮಾತು ನಿಜವೇ. ಪುಟ್ಟಾಜಮ್ಮ ಹುಟ್ಟಿದಾಗಿನಿಂದ ಮೊದಲ ಸಲ ಪಿಸುಗುಟ್ಟಿ, ಹಾಗಾದರೆ ಗುರುತು ಹಿಡಿಯುವುದು ಹೇಗೆ ಎಂದು ಕೇಳಿದಳು.

"ಅಂಗಿ ನೋಡ್ಬೇಡಿ, ಕಾಲು ನೋಡಿ. ಕಳ್ಳರು ಕೂತಲ್ಲಿಂದ ಏಳಲ್ಲ. ನನ್ನ ಮಕ್ಕಳು ಊಟಕ್ಕೆ ಓಡಾಡ್ತಿರ್ತಾವೆ."

ಅಂದಿನಿಂದ ಪುಟ್ಟಾಜಮ್ಮ ಕೈಕಟ್ಟಿ ಕೂತಳು. ಅಷ್ಟು ಕಷ್ಟದ ಕೆಲಸ ಅವಳು ಎಂದೂ ಮಾಡಿರಲಿಲ್ಲ. ಬೆರಳು ತುರಿಸುತ್ತಿತ್ತು, ಹಲ್ಲು ಕಚ್ಚಿಕೊಂಡು ನೋಡುತ್ತಿದ್ದಳು. ಮೂರು ಮಕ್ಕಳು ತಿಂದು ತಿಂದು ಬೆಳೆದವು, ಬಿಳಿ ಅಂಗಿ ಕಳಚಿ ತಾಯಿಯಂತೆ ಕರಿ ರೆಕ್ಕೆ ತೊಟ್ಟವು, ಅವಕ್ಕೂ ಮಕ್ಕಳಾದವು. ಮರ ಚಿಗುರಿತು, ಕಾಯಿ ಬಿಟ್ಟಿತು.

ಅದಕ್ಕೇ ಮಗು, ಇವತ್ತಿಗೂ ಸೀಬೆಮರದಲ್ಲಿ ಕದಲದೆ ಕೂತ ಬಿಳಿ ಹುಳುಗಳ ನಡುವೆ ಒಂದು ಬಿಳಿ ಹುಳು ಸರಸರ ಓಡುತ್ತಿರುತ್ತದೆ. ಅದನ್ನು ಹೊಸಕಬೇಡ, ಪುಟ್ಟಾಜಮ್ಮನ ಹೆಬ್ಬೆರಳಿನಿಂದ ಉಳಿದ ಆ ಮೂವರ ವಂಶ ಅದು.