ಕೊನೆಯ ಹೆಸರಿನ ಮುಂದಿನ ಅಲ್ಪವಿರಾಮ

ಅಣೆಕಟ್ಟೆಯಿಂದ ನೀರು ಬಿಟ್ಟಾಗಿತ್ತು. ಯಂತ್ರ ಓದುವ ಪಟ್ಟಿಯಲ್ಲಿ, ಸೈರನ್ ಕೂಗಬೇಕಾದ ಊರುಗಳ ಹೆಸರುಗಳು ಎರಡು ಆವರಣ ಚಿಹ್ನೆಗಳ ನಡುವೆ ಸಾಲಾಗಿ ನಿಂತಿದ್ದವು: ಬೆಣಚೂರು, ಹೊಳೆಗದ್ದೆ, ತೊರೆಮಡು. ಒಂದು ಹೆಸರಿಗೂ ಇನ್ನೊಂದಕ್ಕೂ ನಡುವೆ ಅಲ್ಪವಿರಾಮವಿತ್ತು. ತೊರೆಮಡುವಿನ ಆಚೆಗೂ ಒಂದು ಅಲ್ಪವಿರಾಮ ಬಂದು ನಿಂತು ಚಡಪಡಿಸತೊಡಗಿತು.

“ನಿನ್ನ ಮುಂದೆ ಯಾರೂ ಇಲ್ಲ, ಹೊರಡು. ನಾನು ಬಾಗಿಲು ಹಾಕಬೇಕು,” ಎಂದಿತು ಕೊನೆಯ ಆವರಣ.

“ಇನ್ನೊಂದು ಊರು ಬಂದೀತು. ಅದಕ್ಕೆ ಜಾಗ ಹಿಡಿದಿರುತ್ತೇನೆ,” ಎಂದಿತು ಅಲ್ಪವಿರಾಮ.

ಸೈರನ್ ಕೂಗಿಸುವ ಯಂತ್ರ ಸಾಲನ್ನು ಓದುತ್ತ ಬಂದು ಅಲ್ಪವಿರಾಮದ ಬಳಿ ನಿಂತಿತು. “ಮುಂದಿನ ಹೆಸರೇನು?”

ಅಲ್ಪವಿರಾಮದ ಆಚೆ ಯಾವ ಹೆಸರೂ ಇರಲಿಲ್ಲ.

“ಹಾಗಾದರೆ ಮಾತು ಮುಗಿದಿಲ್ಲ. ಮುಗಿಯದ ಮಾತನ್ನು ನಾನು ಒಪ್ಪುವುದಿಲ್ಲ,” ಎಂದು ಯಂತ್ರ ಇಡೀ ಸಾಲನ್ನೇ ಹಿಂದಕ್ಕೆ ತಳ್ಳಿತು.

“ನಮ್ಮಲ್ಲಿ ನೀರು ಹೊಸ್ತಿಲಿಗೆ ಬಂದಿದೆ,” ಎಂದಿತು ತೊರೆಮಡು.

“ಬರಬಹುದಾದ ಊರನ್ನು ಕೈಬಿಡಲೇ?” ಎಂದು ಅಲ್ಪವಿರಾಮ ಕೇಳಿತು.

“ಅದು ಬಂದಾಗ ನೀನೂ ಅದರ ಜೊತೆಗೇ ಬಾ. ಈಗ ಇರುವ ಊರುಗಳನ್ನು ಮುಳುಗಿಸಬೇಡ,” ಎಂದಿತು ಆವರಣ.

ಅಲ್ಪವಿರಾಮ ಹಿಂದಿರುಗಿ ನೋಡುತ್ತ ಸರಿಯಿತು. ಆವರಣ ಮುಚ್ಚಿಕೊಂಡಿತು. ಯಂತ್ರ ಈಗ ಒಪ್ಪಿ ಸೈರನ್ ಕೂಗಿಸಿತು. ಬೆಣಚೂರಿನವರೂ ಹೊಳೆಗದ್ದೆಯವರೂ ದಿಬ್ಬಕ್ಕೆ ನಡೆದು ಹೋದರು. ತೊರೆಮಡುವಿನವರು ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಎದೆಮಟ್ಟದ ನೀರಿನಲ್ಲಿ ದಾಟಿದರು.