ಕುಂತವ್ವನ ಹೊಂಡ

ಸಣ್ಣಬನ್ನಿಕೊಪ್ಪದಿಂದ ಕೆರೆಗೆ ಹೋಗುವ ದಾರಿಯಲ್ಲಿ ಜೊಂಡು ಬೆಳೆದ ಒಂದು ಹೊಂಡವಿದೆ. ಊರಿನ ಬಚ್ಚಲ ನೀರೆಲ್ಲ ಅಲ್ಲಿಗೇ ಬರುತ್ತದೆ. ಬಚ್ಚಲ ನೀರು ಎಂದರೆ ಮಿಂದ ನೀರು ಮಾತ್ರವಲ್ಲ. ಪಾತ್ರೆ ತಿಕ್ಕಿದ್ದು, ಬಟ್ಟೆ ಒಗೆದದ್ದು, ಕೊಟ್ಟಿಗೆ ತೊಳೆದದ್ದು ಎಲ್ಲವೂ ಸೇರಿ. ಆ ನೀರು ಹೊಂಡದಲ್ಲಿ ನಿಂತು, ಕೆಸರನ್ನು ತಳಕ್ಕೆ ಬಿಟ್ಟು, ಜೊಂಡಿನ ಬೇರುಗಳ ನಡುವೆ ನಿಧಾನವಾಗಿ ಹರಿದು, ಮರಳಿನ ಒಡ್ಡಿನಲ್ಲಿ ಸೋಸಿ ಕೆರೆ ಸೇರುತ್ತದೆ. ನೀರು ಒಳಬರುವಲ್ಲಿ, ಹೊಂಡಕ್ಕೆ ಕಾಲು ಇಳಿಬಿಟ್ಟು ಕುಳಿತ ಹೆಂಗಸಿನ ಕಲ್ಲುಮೂರ್ತಿಯೊಂದಿದೆ. ಪರವೂರಿನವರು ದೇವತೆಯೆಂದು ಕೈಮುಗಿಯುತ್ತಾರೆ. ಅವಳು ದೇವತೆಯಲ್ಲ. ಅದಕ್ಕೇ ಇದನ್ನು ವಿವರವಾಗಿ ಹೇಳಬೇಕಾಗಿದೆ.

ಹಿಂದೆ ಒಮ್ಮೆ, ಈ ಹೊಂಡವಿಲ್ಲದ ಕಾಲದಲ್ಲಿ, ಬಚ್ಚಲ ನೀರು ನೇರವಾಗಿ ಕೆರೆಗೆ ಬೀಳುತ್ತಿತ್ತು. ಊರು ಕುಡಿಯುತ್ತಿದ್ದುದೂ ಅದೇ ಕೆರೆಯ ನೀರನ್ನು. ಒಂದು ಬೇಸಿಗೆಯಲ್ಲಿ ಚಾಪೆ ಹೆಣೆಯುವ ಫಕ್ಕೀರವ್ವನ ಗಂಡುಮಕ್ಕಳಿಬ್ಬರೂ ವಾಂತಿಭೇದಿಯಿಂದ ತೀರಿಹೋದರು. ಚಾಪೆಗೆ ಜೊಂಡು ಕೊಯ್ಯುವವಳಾದ್ದರಿಂದ, ಜೊಂಡಿನ ಬುಡದಲ್ಲಿ ನೀರು ತಿಳಿಯಾಗಿರುವುದನ್ನು ಅವಳು ಕಂಡಿದ್ದಳು. ಊರವರನ್ನು ಕಾಡಿ ಬೇಡಿ ಹೊಂಡ ತೋಡಿಸಿ ಜೊಂಡು ನೆಟ್ಟಳು. ಬೇನೆ ನಿಂತಿತು. ಆದರೆ ತೋಡಿದರಷ್ಟೇ ಸಾಲದು. ಪ್ರತಿವರ್ಷ ಮಳೆಗೆ ಮುಂಚೆ ಕೆಸರು ಎತ್ತಬೇಕು, ಇಲ್ಲದಿದ್ದರೆ ಹೊಂಡ ತುಂಬಿ ಕೊಳೆನೀರು ಒಡ್ಡು ಹತ್ತಿ ಕೆರೆಗಿಳಿಯುತ್ತದೆ. ಊರು ಇಲ್ಲಿಯೇ ತಪ್ಪಿತು. ಬೇನೆ ನಿಲ್ಲಿಸಿದ ಹೊಂಡದಲ್ಲಿ ಶಕ್ತಿಯಿದೆ ಎಂದು ಅಮಾವಾಸ್ಯೆಗೊಮ್ಮೆ ಹೂವು, ಕಾಯಿ, ಹಳೆಯ ಬಳೆಗಳನ್ನು ಅದಕ್ಕೆ ಹಾಕತೊಡಗಿತು. ದೇವಿಯ ಹೊಟ್ಟೆಗೆ ಗುದ್ದಲಿ ತಾಗಬಾರದೆಂದೂ, ದೇವಿಯನ್ನು ಊರಿಗೆ ತಂದವಳು ಫಕ್ಕೀರವ್ವನೇ ಆದ್ದರಿಂದ ಅವಳೊಬ್ಬಳೇ ಮುಟ್ಟಬಹುದೆಂದೂ ಕಟ್ಟಳೆ ಮಾಡಿತು. ಕೆಸರಿನ ಜೊತೆಗೆ ಕೊಳೆತ ಹೂವನ್ನೂ ಎತ್ತುತ್ತ ಅವಳು ಮುದುಕಿಯಾದಳು. ಒಂದು ವರ್ಷ, ಕೆಲಸ ಅರ್ಧವೂ ಆಗಿರದಾಗ, ಬುಟ್ಟಿ ಕೆಳಗಿಟ್ಟು, ನೀರು ಒಳಬರುವಲ್ಲಿ ಹೊಂಡಕ್ಕೆ ಕಾಲು ಇಳಿಬಿಟ್ಟು ಕುಳಿತುಬಿಟ್ಟಳು ಎನ್ನುತ್ತಾರೆ.

"ಯಾಕಬೇ ಯವ್ವಾ, ಕುಂತುಬಿಟ್ಟಿ? ಮಳಿ ಬರೂದಾತು," ಎಂದು ಊರಗೌಡ ಅಡಿವೆಪ್ಪ ಕೇಳಿದ.

"ದಣದೀನೋ ಯಪ್ಪಾ."

"ಹೊಸಾ ಸೀರಿ ಉಡಸ್ತೀವಿ, ಏಳು."

"ಹೊಸಾ ಸೀರಿ ಉಟಗೊಂಡು ರಾಡಿ ಎತ್ತಲೇನು? ನೀನ ಉಟಗೊಂಡು ಎತ್ತು."

ಜನ ನಕ್ಕರು, ಯಾರೂ ಹೊಂಡಕ್ಕಿಳಿಯಲಿಲ್ಲ. ಕಂಕುಳಲ್ಲಿ ಕೂಸನ್ನೆತ್ತಿಕೊಂಡಿದ್ದ ಮುದುಕಿಯ ಮಗಳು ಶಿವಗಂಗಿ ಅತ್ತಳು. "ಅವ್ವಾ, ಈ ಕೂಸೂ ಅದ ನೀರು ಕುಡೀತೈತಲ್ಲ!"

"ಅದಕ್ಕ ಕುಂತೀನಿ. ನಾ ಸತ್ತಮ್ಯಾಲೆ ಯಾರು ಎತ್ತತಾರ, ಅದನ್ನ ನೋಡಬೇಕು."

ಮಳೆ ಬಂತು. ಕಪ್ಪು ನೀರು ಮುದುಕಿಯ ಮಡಿಲಿಗೇರಿತು. ಅವಳು ಅಲುಗಲಿಲ್ಲ. ಶಿವಗಂಗಿ ಕೂಸನ್ನು ಗೌಡನ ಕೈಗೆ ಕೊಟ್ಟು, ಸೀರೆ ಮೇಲಕ್ಕೆ ಸಿಕ್ಕಿಸಿ, ಗುದ್ದಲಿ ಹಿಡಿದು ಇಳಿದಳು. ದೇವಿ ಮುನಿಯಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಊರೇ ಇಳಿಯಿತು. ಕೆಸರೆಲ್ಲ ಮೇಲೆ ಬಂದ ಮೇಲೆ ಗೌಡ ಅವಳನ್ನು ಎಬ್ಬಿಸಹೋದ. ಕಣ್ಣು ತೆರೆದೇ ಇತ್ತು, ಆದರೆ ಫಕ್ಕೀರವ್ವ ಏಳಲಿಲ್ಲ. ಅಂದಿನಿಂದ ಅದು ಕುಂತವ್ವನ ಹೊಂಡ.

ಅವಳು ಕುಳಿತಲ್ಲಿಯೇ ಕಲ್ಲು ನಿಲ್ಲಿಸಿದರು. ಹೂವು ಬೇಡ, ಕಾಯಿ ಬೇಡ. ಕೆಸರು ಅವಳ ಪಾದ ಮುಟ್ಟಿದಾಗ ಪ್ರತಿ ಮನೆಯವರೂ ಬಂದು ಎತ್ತಬೇಕು ಎಂಬುದು ಅಂದಿನ ಮಾತು. ಬಹುಕಾಲ ಹಾಗೆಯೇ ನಡೆಯಿತು. ಈಗ ಮನೆಮನೆಗೆ ನಲ್ಲಿ ಬಂದಿದೆ, ಕೆರೆಯ ನೀರು ದನಗಳಿಗೆ ಮಾತ್ರ. ಈಗ ಅಲ್ಲಿಗೆ ಹೋದವರಿಗೆ ಅವಳ ಕೊರಳಲ್ಲಿ ಯಾರೋ ಹಾಕಿದ ಚೆಂಡುಹೂವಿನ ಹಾರ ಕಾಣುತ್ತದೆ. ಪಾದ ಕಾಣುವುದಿಲ್ಲ, ಕೆಸರು ಮೊಣಕಾಲಿಗೆ ಬಂದಿದೆ. ಪಕ್ಕದಲ್ಲೊಂದು ಗುದ್ದಲಿ ಇದೆ. ಅದೂ ಕಲ್ಲಿನದೇ.